ಸುರಪುರದಲ್ಲಿ ಬಿಡಾರ ಹೂಡಿರುವ ಬ್ರೇಕ್ ಪೆಡಲ್ ಸಾಹೇಬರಿಗೆ

ಇವರಿಂದ: ಸೂಗಪ್ಪ, ಅರ್ಜಿ ಬರೆಯುವವನು, ತಹಸೀಲ್ ಕಚೇರಿ ಎದುರಿನ ಬೇವಿನ ಮರದ ನೆರಳು, ಶಹಾಪುರ.

ಇವರಿಗೆ: ಶ್ರೀಮಾನ್ ಬ್ರೇಕ್ ಪೆಡಲ್ ಅವರು, ಹಂಪಣ್ಣನವರ ಮನೆ, ಪಡಸಾಲೆ, ಹೊಲಿಗೆ ಮಷಿನ್ ಪಕ್ಕ, ಸುರಪುರ.

ವಿಷಯ: ಯಾರೂ ತುಳಿಯದಿದ್ದರೂ ತಮ್ಮಷ್ಟಕ್ಕೆ ತಾವೇ ಒತ್ತಿಕೊಂಡು, ಚೆನ್ನಾಗಿ ಓಡುತ್ತಿದ್ದ ಒಂದು ಸಂಸಾರವನ್ನು ನಡುದಾರಿಯಲ್ಲಿ ನಿಲ್ಲಿಸಿದ ಬಗ್ಗೆ.

ಮಾನ್ಯರೇ,

ಅನಂತ ವಂದನೆಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆಂದು ಮೊದಲು ಬರೆಯುವುದು ರೂಢಿ. ಆದರೆ ಸುಳ್ಳು ಬರೆದ ಅರ್ಜಿ ನಿಲ್ಲುವುದಿಲ್ಲವೆಂದು ಊರಿಗೆಲ್ಲ ಹೇಳುವವನು ನಾನೇ ಆಗಿರುವುದರಿಂದ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ. ತಾವಂತೂ ಕ್ಷೇಮವಾಗಿರಲೇಬೇಕು. ತಾವು ಈಗ ಇಳಿದುಕೊಂಡಿರುವುದು ನನ್ನ ಹೆಂಡತಿ ಕಲ್ಯಾಣಮ್ಮನ ತವರುಮನೆಯಲ್ಲಿ. ಅಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಆಗುತ್ತವೆ. ತಮ್ಮ ಮೇಲೆ ಧೂಳು ಕೂರಬಾರದೆಂದು ಆಕೆ ಕಸೂತಿ ಹಾಕಿದ ಬಟ್ಟೆಯೊಂದನ್ನು ಹೊದಿಸಿದ್ದಾಳೆಂದು ನನ್ನ ಭಾವಮೈದುನ ಹಂಪಣ್ಣ ಫೋನಿನಲ್ಲಿ ತಿಳಿಸಿದ. ಅಳಿಯನಿಗೆ ಸಿಗದ ಮರ್ಯಾದೆ ಅಳಿಯನ ಸಾಮಾನಿಗಾದರೂ ಸಿಗುತ್ತಿದೆಯಲ್ಲ, ಸಂತೋಷ.

ಈ ಪತ್ರವನ್ನು ಬಹಿರಂಗ ಪತ್ರವೆಂದು ಕರೆಯಲು ಕಾರಣ, ಇದರ ಲಕೋಟೆಗೆ ನಾನು ಅಂಟು ಹಚ್ಚುವುದಿಲ್ಲ. ಸುರಪುರ ಬಸ್ಸಿನ ಕಂಡಕ್ಟರ್ ಕೈಗೆ ಬಿಚ್ಚಿದಂತೆಯೇ ಕೊಡಲಿದ್ದೇನೆ. ಭೀಮರಾಯನಗುಡಿಯಲ್ಲಿ ಹತ್ತಿದವರು ಒಮ್ಮೆ, ಹತ್ತಿಗೂಡೂರಿನಲ್ಲಿ ಹತ್ತಿದವರು ಇನ್ನೊಮ್ಮೆ ಓದಿಕೊಂಡು, ನಾಲಿಗೆ ಚಪ್ಪರಿಸಿದ ಮೇಲೆಯೇ ಇದು ತಮಗೆ ಮುಟ್ಟಲಿ. ತಮಗೆ ಓದಲು ಬರುವುದಿಲ್ಲವಾದ್ದರಿಂದ, ತಮ್ಮ ಪಕ್ಕದಲ್ಲಿ ಹೊಲಿಗೆ ಮಷಿನ್ ಮುಂದೆ ಕುಳಿತಿರುವ ಪುಣ್ಯವಂತರು ಯಾರಿದ್ದಾರೋ, ಅವರು ಇದನ್ನು ಗಟ್ಟಿಯಾಗಿ ಓದಿ ತಮಗೆ ಕೇಳಿಸಬೇಕೆಂದು ಕೋರುತ್ತೇನೆ. ಅವರು ಶಹಾಪುರಕ್ಕೆ ಮರಳುವುದೂ ಮರಳದಿರುವುದೂ ಈ ಕಾಗದದ ಮೇಲೆ ನಿಂತಿದೆ ಎಂಬುದು ತಮ್ಮ ಗಮನದಲ್ಲಿರಲಿ.

ನಾನು ಯಾರೆಂದು ತಮಗೆ ಗೊತ್ತಿದ್ದರೂ ಬಸ್ಸಿನಲ್ಲಿ ಓದುವವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಅರ್ಜಿ ಬರೆಯುವವನು; ನಮ್ಮಪ್ಪನೂ ಅರ್ಜಿ ಬರೆಯುವವನೇ. ಈ ಸೀಮೆಗೆ ಕಾಲುವೆ ಬಂದಾಗ ಹೊಲಗಳಿಗೆ ನೀರು ಬಂತೋ ಇಲ್ಲವೋ, ನಮ್ಮ ಮನೆಗೆ ಕೆಲಸವಂತೂ ಬಂತು. ಮೇಲಿನವರು ಭತ್ತ ಹಚ್ಚಿ ನೀರನ್ನೆಲ್ಲ ಅಲ್ಲೇ ಕುಡಿದುಬಿಟ್ಟರೆ ಕಾಲುವೆಯ ಕೊನೆಯ ಹೊಲದವನು ಎಲ್ಲಿಗೆ ಹೋಗಬೇಕು? ನನ್ನ ಬೇವಿನ ಮರದ ಕೆಳಗೆ ಬರುತ್ತಾನೆ. ನಾನು ಕನ್ನಡಕ ಏರಿಸಿ, 'ಕಾಲುವೆಯ ಕೊನೆಯ ಭಾಗಕ್ಕೆ ಹನಿ ನೀರೂ ತಲುಪದೆ ಬೆಳೆ ಬಾಡುತ್ತಿರುವುದರಿಂದ ತಾವು ದಯಮಾಡಿ ನೀರು ಬಿಡಿಸಬೇಕೆಂದು' ಎಂದು ಬರೆದುಕೊಡುತ್ತೇನೆ. ಈ ಸಾಲನ್ನು ನನ್ನ ಕೈ ನಾನಿಲ್ಲದಿದ್ದರೂ ಬರೆಯಬಲ್ಲದು. ನೀರು ನಿಂತರೆ ಏನಾಗುತ್ತದೆ ಎಂಬ ವಿಷಯದಲ್ಲಿ ಇಡೀ ತಾಲೂಕಿನಲ್ಲಿ ನನಗಿಂತ ಹೆಚ್ಚು ಬರೆದವರಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದಿನವಿಡೀ ಮಂದಿಯ ದುಃಖವನ್ನು ಕುಳಿತಲ್ಲೇ ಕುಳಿತು ಬರೆಯುವ ಮನುಷ್ಯನಿಗೆ ಸಂಜೆಯಾದರೆ ಎಲ್ಲಿಗಾದರೂ ಜೋರಾಗಿ ಹೋಗಬೇಕೆನಿಸುತ್ತದೆ. ನಾನು ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ. ನನ್ನ ಗೆಳೆಯ ಸರದಾರಸಾಬ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿದ್ದ ತನ್ನ ಗೇಮ್ ಅಂಗಡಿಯನ್ನು ಮುಚ್ಚಿ ಮೊಬೈಲ್ ರಿಪೇರಿ ಅಂಗಡಿ ಮಾಡಿದಾಗ, ಕಂಪ್ಯೂಟರಿನಲ್ಲಿ ಕಾರು ರೇಸ್ ಆಡುವ ಸ್ಟೇರಿಂಗನ್ನೂ, ಒಂದೇ ತಗಡಿನ ಮೇಲೆ ಜೋಡಿಯಾಗಿ ಕುಳಿತಿದ್ದ ಎಕ್ಸಲೇಟರ್ ಮತ್ತು ತಮ್ಮನ್ನೂ ನನ್ನ ತಲೆಗೆ ಕಟ್ಟಿದ. ಪರದೆಯ ಮೇಲೆ ರಸ್ತೆ, ಕೈಗೆ ಸ್ಟೇರಿಂಗ್, ಕಾಲಿಗೆ ತಾವು. ಮೊದಲ ಸಂಜೆಯೇ ನಾನು ಯಾವುದೋ ದೇಶದ ಸಮುದ್ರದ ದಂಡೆಯ ಮೇಲೆ ಹಾರಿದೆ. ಮನಸ್ಸು ಹಗುರಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ತಮ್ಮನ್ನು ಇಡಲು ಜಾಗ ಬೇಕಿತ್ತು. ಹೊಲಿಗೆ ಮಷಿನ್ ಇದ್ದ ಖೋಲಿಯಿಂದ ಆ ಮಷಿನನ್ನು ಪಡಸಾಲೆಗೆ ತಳ್ಳಿ ತಮ್ಮನ್ನು ಒಳಗೆ ಪ್ರತಿಷ್ಠಾಪಿಸಿದೆ. ಕಲ್ಯಾಣಮ್ಮ ಊರ ಹೆಂಗಸರ ಕುಪ್ಪಸಗಳನ್ನು ಹೊಲಿಯುತ್ತಿದ್ದದ್ದು ಆ ಖೋಲಿಯಲ್ಲೇ. ಆದರೂ ಆಕೆ ಗದ್ದಲ ಮಾಡಲಿಲ್ಲ. "ಪಡಸಾಲ್ಯಾಗ ಬೆಳಕು ಚಲೋ ಬರ್ತದ ಬಿಡ್ರಿ, ಇಲ್ಲೇ ಇರಲಿ" ಎಂದಳು. ಹೆಂಗಸರು ಹೀಗೆ ಸುಲಭವಾಗಿ ಒಪ್ಪಿಕೊಂಡಾಗ ಗಂಡಸು ಎಚ್ಚರವಾಗಿರಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ಕೆಲವು ತಿಂಗಳು ತಾವು ಸಜ್ಜನರಾಗಿದ್ದಿರಿ. ನಾನು ಪ್ರತಿ ರವಿವಾರ ದೂರದೂರುಗಳ ಹುಡುಗರ ಜೊತೆ ಇಂಟರ್ನೆಟ್ಟಿನಲ್ಲಿ ರೇಸಿಗೆ ಕೂರತೊಡಗಿದೆ. ಬೇಸಿಗೆ ಬಂತು, ಕಾಲುವೆ ಬಂದ್ ಆಯಿತು, ಅರ್ಜಿಗಳೂ ಕಡಿಮೆಯಾದವು. ಅಂಥ ಒಂದು ರವಿವಾರ, ಬಾಣದಂತೆ ನೇರವಾದ ರಸ್ತೆಯಲ್ಲಿ, ನನ್ನ ಎಡಗಾಲು ತಮ್ಮಿಂದ ಒಂದು ಗೇಣು ದೂರದಲ್ಲಿದ್ದಾಗಲೇ ತಾವು ಬ್ರೇಕ್ ಹಾಕಿದಿರಿ. ಹಿಂದಿದ್ದವರೆಲ್ಲ ಬಂದು ನನಗೆ ಗುದ್ದಿದರು. ನಡುರಸ್ತೆಯಲ್ಲಿ ಯೋಚನೆ ಮಾಡುತ್ತ ನಿಂತುಬಿಡುವ ಪ್ರಾಣಿಯ ನೆನಪಾಗಿರಬೇಕು, ಆ ಹುಡುಗರು ಅಂದಿನಿಂದ ನನ್ನನ್ನು 'ಭೈಂಸ್ ಅಂಕಲ್' ಎಂದು ಕರೆಯತೊಡಗಿದರು. ಶಹಾಪುರದಲ್ಲಿ ನನ್ನನ್ನು ಸೂಗಪ್ಪ ಸಾಹುಕಾರ್ರು ಎನ್ನುವ ಜನ ಇದ್ದಾರೆ. ದೇಶದಾದ್ಯಂತ ಎಮ್ಮೆ ಎನಿಸಿಕೊಳ್ಳುವ ಭಾಗ್ಯ ತಮ್ಮಿಂದ ಬಂದದ್ದು.

ಆದರೂ ನಾನು ತಮ್ಮ ಮೇಲೆ ಕೈ ಮಾಡಲಿಲ್ಲ, ಚಿಕಿತ್ಸೆ ಮಾಡಿದೆ. ಪೆಡಲ್ ಎಷ್ಟು ಒತ್ತಿದೆ ಎಂದು ತೋರಿಸಲು ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಇದೆ. ಕಾಲು ತೆಗೆದರೆ ಅದು ಸೊನ್ನೆಗೆ ಇಳಿದು ಸುಮ್ಮನಿರಬೇಕು. ತಮ್ಮದು ಮಾತ್ರ ಕಪ್ಪೆಯ ಗಂಟಲಿನಂತೆ ಪುಕುಪುಕು ಅನ್ನುತ್ತಿತ್ತು. ತಮ್ಮನ್ನು ಅಂಗಾತ ಮಲಗಿಸಿ, ತಿರುಪು ಬಿಚ್ಚಿ ನೋಡಿದರೆ, ಕಾಲಿನ ಒತ್ತಡವನ್ನು ಅಳೆಯುವ ಸೆನ್ಸರಿನೊಳಗೆ ಕಪ್ಪು ಎರಿ ಮಣ್ಣಿನ ಧೂಳು, ಕುಪ್ಪಸದ ದಾರದ ಎಳೆ, ಚೂಡಾ ಅವಲಕ್ಕಿಯ ಪುಡಿ ಎಲ್ಲವೂ ಇದ್ದವು. ಬೆಂಕಿಕಡ್ಡಿಗೆ ಅರಳೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕೂಸಿನ ಕಿವಿ ಒರೆಸುವಷ್ಟು ನಯವಾಗಿ ಒರೆಸಿದೆ. ಪುಕುಪುಕು ಮುಕ್ಕಾಲು ಪಾಲು ನಿಂತಿತು. ಬುದ್ಧಿ ಇದ್ದವನು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದ.

ಆದರೆ ಉಳಿದ ಕಾಲು ಪಾಲಿನ ಕಾರಣ ಹುಡುಕುತ್ತ ನಾನು ಮನೆಯ ಸುತ್ತ ತಿರುಗಿದೆ. ಹಿತ್ತಲ ಗೋಡೆಯಿಂದ ಒಂದು ತಾಮ್ರದ ತಂತಿ ಇಳಿದು ಬಿಲ್ವಪತ್ರಿ ಗಿಡದ ಬುಡದಲ್ಲಿ ನೆಲದೊಳಗೆ ಹೋಗಿದ್ದು ಕಣ್ಣಿಗೆ ಬಿತ್ತು. ಆ ಬುಡ ತೊಯ್ದು ತೊಪ್ಪೆಯಾಗಿತ್ತು. ಕಲ್ಯಾಣಮ್ಮ ದಿನಾಲೂ ಲಿಂಗಪೂಜೆ ಮಾಡಿದ ನೀರನ್ನು, ಯಾರೂ ತುಳಿಯಬಾರದೆಂದು, ಆ ಗಿಡಕ್ಕೇ ಹಾಕುವುದು. ಜೊತೆಗೆ, ಗಿಡಕ್ಕೆ ಅಷ್ಟರಲ್ಲಿ ಏನಾಗುತ್ತದೆ ಎಂದು, ಒಂದು ತುಂಬಿದ ಕೊಡವನ್ನೂ ಬಗ್ಗಿಸುತ್ತಾಳೆ. ಆ ಗಿಡದ ಎಲೆಯೇ ಮರುದಿನ ಆಕೆಯ ಪೂಜೆಗೆ. ಮನೆ ಕಟ್ಟಿದಾಗಿನಿಂದ ಇದು ನಡೆದುಬಂದಿತ್ತು. ನಾನು ತಂತಿ ನೋಡಿದೆ, ನೀರು ನೋಡಿದೆ, ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲವೆಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ರೋಗ ಸಿಕ್ಕಿತೆಂದು ತೊಡೆ ತಟ್ಟಿಕೊಂಡೆ.

ಅಂದೇ ಅಪ್ಪಣೆ ಹೊರಡಿಸಿದೆ: "ಇನ್ ಮುಂದ ಈ ಗಿಡಕ್ಕ ಹನಿ ನೀರು ಹಾಕಬ್ಯಾಡ." ಆಕೆ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. "ಲಿಂಗದ ನೀರು ಮಂದಿ ತುಳಿಯೋ ಕಡಿ ಚೆಲ್ಲಂದ್ರ ಹೆಂಗ್ರಿ? ಗಿಡ ಬ್ಯಾರೆ ಒಣಗ್ತದ" ಎಂದಳು. ನಾನು ಸುಮ್ಮನಿರಬಹುದಿತ್ತು. "ನಿನ್ನ ನೀರಿಂದನ ನನ್ನ ಮಷಿನ್ ಹಾಳಾಗ್ಯಾದ" ಎಂದುಬಿಟ್ಟೆ. ಅರ್ಜಿಯಲ್ಲಾದರೆ ತಪ್ಪಿದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಬಹುದು. ಬಾಯಿಂದ ಹೋದದ್ದಕ್ಕೆ ಆ ಸೌಲಭ್ಯವಿಲ್ಲ. ಆಕೆ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟು, "ಹಂಗಾದ್ರ ಈ ಮನ್ಯಾಗ ನನ್ನ ನೀರಿನ ಋಣ ಮುಗೀತು ಅನ್ರಿ" ಎಂದು ಹೇಳಿ, ಚೀಲ ತುಂಬಿಕೊಂಡು, ಮಧ್ಯಾಹ್ನದ ಬಸ್ಸಿಗೆ ಸುರಪುರಕ್ಕೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಆಕೆ ಅಳಲಿಲ್ಲ.

ಇನ್ನು ತಮ್ಮ ನಿಜವಾದ ಪ್ರತಾಪ ಶುರುವಾದದ್ದು ಆಮೇಲೆ. ಗಿಡದ ಬುಡ ಒಣಗಿದಷ್ಟೂ ತಮ್ಮ ಹಸಿರು ಪಟ್ಟಿ ಕುಣಿಯಿತು. ನಾನು ಕೇಬಲ್ ಬದಲಿಸಿದೆ. ಬೇರೆ ಪ್ಲಗ್ಗಿಗೆ ಹಾಕಿದೆ. ಕೇಬಲ್ಲಿಗೆ ಚಪಾತಿ ಕಟ್ಟುವ ಬೆಳ್ಳಿ ಹಾಳೆಯನ್ನು ಉದ್ದಕ್ಕೂ ಸುತ್ತಿದೆ. ಅದನ್ನು ಕಂಡ ಇಲಿಯೊಂದು ಒಳಗೆ ಚಪಾತಿ ಇದೆಯೆಂದು ನಂಬಿ ಕಡಿದುಹಾಕಿತು. ಫ್ರಿಜ್ ಬಂದ್ ಮಾಡಿದೆ, ಹಾಲು ಒಡೆಯಿತು. ಹಿಟ್ಟಿನ ಗಿರಣಿಯವನಿಗೆ ರವಿವಾರ ಗಿರಣಿ ನಿಲ್ಲಿಸೆಂದು ಲಿಖಿತ ವಿನಂತಿ ಕೊಟ್ಟೆ. ಅವನು ಅದರಲ್ಲೇ ಹಿಟ್ಟು ಕಟ್ಟಿ ಕಳಿಸಿದ. ಕಾಲುವೆಯ ಪಂಪ್‌ಸೆಟ್ಟುಗಳಿಂದ ಹೀಗಾಗುತ್ತಿದೆ ಎಂದು ಒಂದು ದಿನವೆಲ್ಲ ವಾದಿಸಿದೆ, ಕಾಲುವೆ ಬಂದ್ ಇದೆಯೆಂದು ಸರದಾರಸಾಬ ನೆನಪಿಸುವವರೆಗೆ. "ನನ್ನ ಅಂಗಡ್ಯಾಗ ಪೋರಗೋಳು ಮ್ಯಾಲ ಹತ್ತಿ ಕುಣದ್ರೂ ಅಳ್ಳಾಡಿಲ್ಲರಿ ಅದು, ನಿಮ್ಮ ಮನ್ಯಾಗ ಏನ್ ಕಂಡು ಹೆದರ್ಯಾದೋ" ಎಂದು ಅವನು ತಮ್ಮ ಪರವಾಗಿಯೇ ಮಾತಾಡಿದ.

ಕೊನೆಗೆ, ಪೆಡಲಿನ ಸಣ್ಣ ಒತ್ತಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಎಂದು ಆಟಕ್ಕೆ ಸೂಚನೆ ಕೊಟ್ಟೆ. ತಾವು ದೊಡ್ಡದಾಗಿ ಒತ್ತಿಕೊಳ್ಳತೊಡಗಿದಿರಿ. ಅರ್ಧದವರೆಗೂ ಲೆಕ್ಕಕ್ಕೆ ಬೇಡ ಎಂದೆ. ಆಗ ನಿಜವಾಗಿ ಬ್ರೇಕ್ ಬೇಕಾದಾಗ ಚೇಳು ಹೊಸಕಿದಂತೆ ತಮ್ಮನ್ನು ತುಳಿಯಬೇಕಾಯಿತು. ಅಷ್ಟರಲ್ಲಿ ಇನ್ನೊಂದು ಹೊಸ ಕಾಟ: ಬರಿಗಾಲು ತಮ್ಮ ತಗಡಿಗೆ ತಾಗಿದರೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಜುಮ್ ಎನ್ನುತ್ತಿತ್ತು. ಡಾಕ್ಟರಿಗೆ ತೋರಿಸಿದೆ. ಅವರು ವಯಸ್ಸು ಕೇಳಿ, ಊಟ ಸರಿಯಾಗಿ ಮಾಡುತ್ತೀರಾ ಎಂದು ಕೇಳಿ, ಶಕ್ತಿಯ ಗುಳಿಗೆ ಬರೆದುಕೊಟ್ಟರು. ಊಟದ ಮಾತು ಬಿಡಿ. ನಾನು ಮಾಡುತ್ತಿದ್ದ ರೊಟ್ಟಿಯಿಂದ ಊಟವನ್ನೂ ಮಾಡಬಹುದು, ಸೋರುವ ತಗಡನ್ನೂ ಮುಚ್ಚಬಹುದು.

ಹೀಗಿರಲು ಒಂದು ರವಿವಾರ, ನಾನು ರೇಸಿನ ನಡುವೆ ತಮ್ಮ ಜೊತೆ ಹೆಣಗುತ್ತಿರುವಾಗ, ಮನೆಯ ಮುಂದೆ ಟಂಟಂ ಆಟೋ ನಿಂತ ಸದ್ದಾಯಿತು. ಕಲ್ಯಾಣಮ್ಮ ತನ್ನ ಹೊಲಿಗೆ ಮಷಿನ್ ಒಯ್ಯಲು ತನ್ನ ತಮ್ಮ ಹಂಪಣ್ಣನನ್ನು ಕರೆದುಕೊಂಡು ಬಂದಿದ್ದಳು. ನಾನು ಏಳಬೇಕಿತ್ತು. ಆದರೆ ಅಂದು ನಾನು ಎಂದಿನಂತೆ ಕಟ್ಟಕಡೆಯವನಾಗಿದ್ದರೂ ನನ್ನ ಮುಂದಿನವನ ಹಿಂಬದಿ ಕಾಣುವಷ್ಟು ಹತ್ತಿರವಿದ್ದೆ. ಈ ತಿರುವು ಮುಗಿಯಲಿ, ಇನ್ನೊಂದು ತಿರುವು ಮುಗಿಯಲಿ ಎನ್ನುತ್ತ ಕುಳಿತೇಬಿಟ್ಟೆ. ಆಕೆ ದಾರಿಯ ಧೂಳಿಗೆ ಸ್ನಾನ ಮಾಡಿ, ಪೂಜೆ ಮಾಡಿಕೊಂಡಳು. ಹಿತ್ತಲಿಗೆ ಹೋದವಳು ಒಣಗಿ ನಿಂತ ಪತ್ರಿ ಗಿಡವನ್ನು ಕಂಡು, "ಅಯ್ಯ ಶಿವನ, ಏನ್ ಮಾಡ್ಯಾರ ಇದಕ್ಕ" ಎಂದದ್ದು ನನಗೆ ಕೇಳಿಸಿತು. ನನ್ನ ಅಪ್ಪಣೆ ಅಲ್ಲಿಗೆ ಗಾಳಿಗೆ ಹೋಯಿತು. ಲಿಂಗದ ನೀರನ್ನೂ, ಅದರ ಹಿಂದೆ ಒಂದಾದ ಮೇಲೊಂದು ತುಂಬಿದ ಕೊಡಗಳನ್ನೂ ಆ ಬಿರುಕುಬಿಟ್ಟ ಎರಿ ಮಣ್ಣಿಗೆ ಸುರಿದಳು.

ಆಗ ತಾವು ಮಾಡಿದ್ದನ್ನು ತಮಗೇ ನೆನಪಿಸಬೇಕೆ? ನಿಧಾನವಾಗಿ ತಾವು ತಣ್ಣಗಾದಿರಿ. ಹಸಿರು ಪಟ್ಟಿ ಸೊನ್ನೆಗೆ ಇಳಿದು, ಹಾಲು ಕುಡಿದು ಮಲಗಿದ ಕರುವಿನಂತೆ ಅಲ್ಲೇ ಮಲಗಿತು. ನಾನು ಹಾಕಿದಾಗ ಹಾಕಿದಷ್ಟೇ ಬ್ರೇಕ್, ಬಿಟ್ಟಾಗ ಬಿಟ್ಟೇ ಬಿಟ್ಟಿತು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಒಬ್ಬೊಬ್ಬರನ್ನೇ ದಾಟಿಕೊಂಡು ಹೋದೆ. ಎಮ್ಮೆ ಎಂದವರೆಲ್ಲ ಹಿಂದೆ ಉಳಿದರು. ನಾಲ್ಕನೆಯವನಾಗಿ ಗುರಿ ಮುಟ್ಟಿ, ಕಿವಿಗೆ ಹಾಕಿದ್ದನ್ನು ಕಿತ್ತೆಸೆದು, "ಏ ಕಲ್ಯಾಣಿ, ನೋಡಬಾ" ಎಂದು ಕೂಗುತ್ತ ಪಡಸಾಲೆಗೆ ಓಡಿದೆ. ಮಷಿನ್ ಇದ್ದ ಜಾಗದಲ್ಲಿ ಅದರ ಕಾಲುಗಳ ಗುರುತು ಮಾತ್ರ ಇತ್ತು. ಟಂಟಂ ಹೋಗಿ ಎಷ್ಟೋ ಹೊತ್ತಾಗಿತ್ತು.

ನನ್ನ ತಲೆಗೆ ಆಗಲೂ ಹೊಳೆಯಲಿಲ್ಲ. ನನ್ನ ಕೈಚಳಕಕ್ಕೆ ತಾವು ಮಣಿದಿರೆಂದೇ ತಿಳಿದೆ. ವಾರ ಕಳೆಯುವಷ್ಟರಲ್ಲಿ ಗಿಡದ ಬುಡ ಮತ್ತೆ ಬಿರುಕುಬಿಟ್ಟಿತು, ತಮಗೆ ಮತ್ತೆ ಚಳಿ ಬಂತು. ಒಂದು ಬೆಳಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ, ಆಕೆ ನೀರು ಸುರಿದ ಗುರುತು ಬೆಳ್ಳಗೆ ಒಣಗಿ ನಿಂತದ್ದನ್ನೂ, ಅದರ ನಡುವಿನಿಂದ ಇಣುಕುತ್ತಿದ್ದ ತಾಮ್ರದ ತಂತಿಯನ್ನೂ ನೋಡಿದೆ. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಒಂದು ಕೊಡ ನಳದ ನೀರು ಸುರಿದು ಒಳಗೆ ಓಡಿದೆ. ಪಟ್ಟಿಯ ಕುಣಿತ ತಗ್ಗುತ್ತಿತ್ತು. ಇನ್ನೊಂದು ಕೊಡ ಸುರಿದು ಮತ್ತೆ ಓಡಿದೆ. ಪಟ್ಟಿ ಮಲಗಿತ್ತು. ಲಿಂಗದ ನೀರಿಗೂ ನಳದ ನೀರಿಗೂ ತಾವು ಭೇದ ಮಾಡಲಿಲ್ಲ, ತಮ್ಮ ಜಾತ್ಯತೀತತೆಗೆ ಕೈ ಮುಗಿಯುತ್ತೇನೆ.

ಸರದಾರಸಾಬ ಬಂದು ನೋಡಿ ನಕ್ಕ. ಯಂತ್ರಗಳೊಳಗೆ ದಾರಿ ತಪ್ಪಿ ಅಲೆಯುವ ಕರೆಂಟು ನೆಲಕ್ಕಿಳಿದು ಹೋಗಲಿ ಎಂದೇ ಪ್ರತಿ ಮನೆಗೂ ಒಂದು ತಂತಿಯನ್ನು ಹುಗಿಯುತ್ತಾರಂತೆ. ಅದಕ್ಕೆ ಅರ್ತಿಂಗ್ ಎನ್ನುತ್ತಾರೆ. ನೆಲ ಹಸಿಯಾಗಿದ್ದರೆ ಮಾತ್ರ ಅದು ಆ ಕರೆಂಟನ್ನು ಒಳಗೆ ಕರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಎರಿ ನೆಲ ಬಾಯಿ ತೆರೆದು ತಂತಿಯನ್ನೇ ಕೈಬಿಡುತ್ತದೆ. ಆಗ ಆ ಕರೆಂಟು ಹೋಗಲು ದಾರಿಯಿಲ್ಲದೆ ತಮ್ಮ ತಗಡಿನಲ್ಲಿ, ಆಮೇಲೆ ನನ್ನ ಮೊಣಕಾಲಿನಲ್ಲಿ ತಿರುಗುತ್ತಿತ್ತು. ಅಂದರೆ ನನ್ನ ಮನೆಯ ಫ್ರಿಜ್ಜು, ಫ್ಯಾನು, ಕಂಪ್ಯೂಟರು, ತಾವು, ಕೊನೆಗೆ ನಾನು, ಎಲ್ಲರೂ ಇಷ್ಟು ವರ್ಷ ನೆಟ್ಟಗಿದ್ದದ್ದು ಕಲ್ಯಾಣಮ್ಮ ಬೆಳಗಿನ ಜಾವ ಒಂದು ಗಿಡಕ್ಕೆ ಹಾಕುತ್ತಿದ್ದ ನೀರಿನಿಂದ. ಆಕೆಗೂ ಅದು ಗೊತ್ತಿರಲಿಲ್ಲ, ಆಕೆ ಹಾಕುತ್ತಿದ್ದದ್ದು ಗಿಡಕ್ಕೆ.

ಇಲ್ಲಿ ತಮ್ಮನ್ನು ಹೊಗಳದೆ ಇರಲಾರೆ. ನೀರು ನಿಂತಾಗ ಕೊನೆಯ ಹೊಲದವನು ನನ್ನ ಹತ್ತಿರ ಬಂದು ಬರೆಸುತ್ತಾನೆ. ತಾವು ಯಾರ ಹತ್ತಿರವೂ ಹೋಗದೆ, ಹಸಿರು ಶಾಯಿಯಲ್ಲಿ, ಪರದೆಯ ಮೇಲೆ, ದಿನವೂ ಅರ್ಜಿ ಬರೆದಿರಿ. ಜೀವಮಾನವಿಡೀ 'ದಯಮಾಡಿ ನೀರು ಬಿಡಿಸಬೇಕೆಂದು' ಬರೆದ ನಾನು, ನನ್ನ ಮನೆಯ ಹಿತ್ತಲಲ್ಲಿ ನೀರು ನಿಲ್ಲಿಸಿದ ಅಧಿಕಾರಿಯಾಗಿ ಕುಳಿತು, ಆ ಅರ್ಜಿಯನ್ನು ಓದಲಾರದೆ ತಮಗೆ ಸ್ಪಿರಿಟ್ ಹಚ್ಚಿದೆ. ಕಾಲುವೆ ಕಚೇರಿಯವರ ಬಗ್ಗೆ ನಾನು ಬರೆದಿರುವ ಕಟುವಾದ ವಾಕ್ಯಗಳನ್ನೆಲ್ಲ ಈಗ ನೆನೆದರೆ ಅವರ ಮೇಲೆ ಸ್ವಲ್ಪ ಕನಿಕರ ಬರುತ್ತದೆ.

ಮುಂದಿನದು ತಮಗೆ ಗೊತ್ತು. ತಾವೇ ಸಾಕ್ಷಿಯಾಗಿ ಬಂದವರು. ತಮ್ಮನ್ನು ಖಾಲಿ ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಸುರಪುರದ ಬಸ್ಸು ಹತ್ತಿದೆ. ಹಂಪಣ್ಣನ ಪಡಸಾಲೆಯಲ್ಲಿ ತಮ್ಮನ್ನು ಬೋರಲು ಹಾಕಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗಿಡ, ತಂತಿ, ನೀರು ಎಲ್ಲವನ್ನೂ ಬರೆದು, ಅರ್ತಿಂಗ್ ಎಂದರೇನೆಂದು ಬೀಗರಿಗೆಲ್ಲ ಪಾಠ ಹೇಳಿದೆ. ಕಲ್ಯಾಣಮ್ಮ ಹೊಲಿಗೆ ಮಷಿನ್ ತುಳಿಯುತ್ತಲೇ ಕೇಳಿಸಿಕೊಂಡಳು. ಆಕೆಯ ಕಾಲ ಕೆಳಗೂ ಒಂದು ಪೆಡಲ್ ಇದೆಯೆಂದು, ಅದು ಒಂದೇ ಒಂದು ದಿನ ನಡುಗಿದ್ದನ್ನು ನಾನು ಕಂಡಿಲ್ಲವೆಂದು ಆಗ ಮನಸ್ಸಿಗೆ ಬಂತು. ನಾನು ಪಾಠ ಮುಗಿಸಿ, "ತಪ್ಪು ನಂದ ಅದ, ನೀರಿಂದ ಹಾಳಾಗಿದ್ದಲ್ಲ, ನೀರಿಲ್ದ ಹಾಳಾಗಿದ್ದು, ನಡಿ ಮನಿಗಿ" ಎಂದೆ. ಇದಕ್ಕಿಂತ ನ್ಯಾಯವಾದ ಮಾತು ಇರಲಾರದೆಂದು ನನಗೆ ಅನಿಸಿತ್ತು.

ಆಕೆ ದಾರ ಕಡಿದು, ಕುಪ್ಪಸ ಮಡಚಿಟ್ಟು ಕೇಳಿದಳು: "ಹಂಗಾದ್ರ ಒಂದು ಕೊಡ ನೀರು ನೀವ ಹಾಕ್ಕೋರಿ. ಅದಕ್ಕ ನಾ ಯಾಕ ಬೇಕು?"

ಮಾನ್ಯರೇ, ಊರಿನ ಮಂದಿಗೆಲ್ಲ ಮಾತು ಒದಗಿಸುವ ನಾನು ಅಂದು ನೆಲದ ಮೇಲಿನ ಸುಣ್ಣದ ಗೆರೆಗಳನ್ನು ಅಂಗೈಯಿಂದ ಒರೆಸತೊಡಗಿದೆ. ತಾವು ಪಕ್ಕದಲ್ಲೇ ಇದ್ದಿರಿ. ಶಹಾಪುರದಲ್ಲಿ ಬೇಡವಾದಾಗಲೆಲ್ಲ ಒತ್ತಿಕೊಳ್ಳುತ್ತಿದ್ದ ತಾವು ಅಲ್ಲಿ ಕಲ್ಲಿನಂತೆ ಕುಳಿತಿರಿ. ನಾನು ತಮ್ಮನ್ನು ಎತ್ತಿಕೊಳ್ಳಲು ಬಗ್ಗಿದಾಗ ಆಕೆ, "ಅದನ್ನ ಇಲ್ಲೇ ಬಿಟ್ಟು ಹೋಗ್ರಿ. ನೀರು ಯಾರಿಗಿ ಹಾಕ್ತೀರಿ ನೋಡೂಣು" ಎಂದಳು. ಹೀಗೆ ತಾವು ಅಲ್ಲಿ ಒತ್ತೆ ಉಳಿದಿರಿ, ನಾನು ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದೆ.

ಆಕೆಯ ಪ್ರಶ್ನೆಗೆ ನನಗೆ ಬಸ್ಸಿನಲ್ಲಿಯೂ ಉತ್ತರ ಸಿಗಲಿಲ್ಲ, ಮನೆಯಲ್ಲಿ ಸಿಕ್ಕಿತು. ಈಗ ಆ ಖೋಲಿಯಲ್ಲಿ ತಾವಿಲ್ಲ. ಸ್ಟೇರಿಂಗ್ ಒಂದೇ ಕುಳಿತಿದೆ. ಅರ್ತಿಂಗ್ ಹಸಿಯಾದರೂ ಒಣಗಿದರೂ ನನಗೆ ಏನೂ ಲಾಭ ನಷ್ಟವಿಲ್ಲ. ಆದರೂ ಬೆಳಗಾದರೆ ಕೊಡ ಹಿಡಿದು ಪತ್ರಿ ಗಿಡದ ಹತ್ತಿರ ಹೋಗುತ್ತೇನೆ. ಯಾಕೆಂದರೆ ಅದು ಆಕೆಯ ಗಿಡ, ಆಕೆ ಬಂದಾಗ ಅದರಲ್ಲಿ ಎಲೆ ಇರಬೇಕು. ನೀರು ಸುರಿಯುವಷ್ಟು ಹೊತ್ತು ಆಕೆಗೆ ಹೇಳಬೇಕಾದದ್ದನ್ನು ಅದಕ್ಕೆ ಹೇಳುತ್ತೇನೆ: ಮನೆ ಬಿಕೋ ಅನ್ನುತ್ತದೆ, ಪಡಸಾಲೆಯಲ್ಲಿ ಮಷಿನ್ನಿನ ಟಕಟಕ ಇಲ್ಲದೆ ನಿದ್ದೆ ಹತ್ತುವುದಿಲ್ಲ, ನೀನು ನನಗೆ ಬೇಕಾಗಿರುವುದು ನೀರು ಹಾಕಲಿಕ್ಕಲ್ಲ, ಸುಮ್ಮನೆ ಬೇಕು. ಪಕ್ಕದ ಮನೆಯ ಹುಸೇನಬೀ ಕಂಪೌಂಡ್ ಗೋಡೆಯ ಮೇಲಿಂದ ಫೋನು ಹಿಡಿದು ದಿನಾಲೂ ಇಣುಕುತ್ತಾರೆ. ಮುದುಕ ಗಿಡದ ಜೊತೆ ಮಾತಾಡುತ್ತಾನೆಂದು ಮಗಳಿಗೆ ಹೇಳಿ ನಗುತ್ತಿರಬೇಕು. ನಗಲಿ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಕಲ್ಯಾಣಮ್ಮ ಈ ಕಾಗದ ಓದುವಾಗ ಸಿಟ್ಟಿನಿಂದ ಎದ್ದು ಹೋಗುವಂತೆ ಕಂಡರೆ ತಾವು ಕೂಡಲೇ ಒತ್ತಿಕೊಂಡು ಆಕೆಯನ್ನು ನಿಲ್ಲಿಸಬೇಕು. ನಗುವಂತೆ ಕಂಡರೆ ಬಿಟ್ಟುಬಿಡಬೇಕು. ನನ್ನ ಕುರಿತು ಅಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ಅವರ ಮೊಣಕಾಲಿಗೆ ಒಂದು ಸಲ ಜುಮ್ ಎನಿಸಬೇಕು. ಕರೆಂಟಿಗೆ ಹಚ್ಚಿಲ್ಲವೆಂಬ ಸಬೂಬು ಹೇಳಕೂಡದು, ಕಾಲು ಇಡದೆಯೇ ಬ್ರೇಕ್ ಹಾಕಬಲ್ಲವರಿಗೆ ಇದು ಹೆಚ್ಚಲ್ಲ. ಸಾಧ್ಯವಾದರೆ ಎಕ್ಸಲೇಟರ್ ಅವರ ಸಹಾಯ ಪಡೆದು, ಆಕೆಯನ್ನು ಕರೆದುಕೊಂಡು ತಾವೇ ಶಹಾಪುರಕ್ಕೆ ಹೊರಟುಬರಬೇಕು. ಇವುಗಳಲ್ಲಿ ಯಾವುದೂ ಆಗದಿದ್ದರೆ, ಲಕೋಟೆಯಲ್ಲಿ ಇಟ್ಟಿರುವ ಪತ್ರಿ ಎಲೆಗಳನ್ನು ಆಕೆಯ ಕೈಗೆ ಮುಟ್ಟಿಸಿದರೂ ಸಾಕು. ಅವು ಈ ವಾರ ಚಿಗುರಿದವು, ಎಳೆಯವು, ಪೂಜೆಗೆ ಬರುತ್ತವೆ.

ಕಾಲುವೆಯ ಕೊನೆಯ ಭಾಗದಲ್ಲಿ ನಿಂತಿರುವ,

ತಮ್ಮ ವಿಶ್ವಾಸಿ,
ಸೂಗಪ್ಪ

ಪ್ರತಿ: ಒಂದೇ ತಗಡಿನ ಮೇಲೆ ತಮ್ಮ ಪಕ್ಕದಲ್ಲಿ ಕುಳಿತು ಇಷ್ಟೆಲ್ಲ ನಡೆದರೂ ಚಕಾರವೆತ್ತದ ಎಕ್ಸಲೇಟರ್ ಅವರಿಗೆ, ಮಾಹಿತಿಗಾಗಿ.

ವಿ.ಸೂ: ಇದನ್ನು ಕಂಡಕ್ಟರನ ಕೈಗೆ ಕೊಡಲು ಬಸ್ ಸ್ಟ್ಯಾಂಡಿಗೆ ಬಂದೆ. ಸುರಪುರದಿಂದ ಬಂದ ಬಸ್ಸಿನ ಟಾಪಿನಿಂದ ಹಂಪಣ್ಣ ಹೊಲಿಗೆ ಮಷಿನ್ ಇಳಿಸುತ್ತಿದ್ದ. "ಮಾವಾರ, ಅಕ್ಕ ನಾಳಿ ಬರ್ತಾಳ. ಮಷಿನ್ ಮದ್ಲಿದ್ದ ಖೋಲ್ಯಾಗ ಇಡಬೇಕಂತ. ಗಿಡಕ್ಕ ನೀರು ಇನ್ ಮ್ಯಾಲ ನೀವ ಹಾಕಬೇಕಂತ. ಹುಸೇನಬೀ ದಿನಾ ವಿಡಿಯೋ ಫೋನ್ ಮಾಡಿ ನಿಮ್ಮನ್ನ ತೋರಸಾಕತ್ತಿದ್ರು" ಎಂದ. ಅಂದರೆ ನಾನು ಗಿಡಕ್ಕೆ ಹೇಳಿದ್ದೆಲ್ಲ ಸುರಪುರದ ಪಡಸಾಲೆಯಲ್ಲಿ ಕೇಳಿಸಿದೆ. ಸಾಕ್ಷಿಗೆಂದು ಒಯ್ದ ತಾವು ಬಾಯಿ ಬಿಡಲಿಲ್ಲ, ಕರೆಯದ ಹುಸೇನಬೀ ಸಾಕ್ಷಿ ಹೇಳಿದರು. ತಮ್ಮ ಉಪಕಾರ ಮರೆಯುವುದಿಲ್ಲ. ಖೋಲಿಯಲ್ಲಿ ತಮ್ಮ ಜಾಗ ಹೋಗಿದೆ. ಇನ್ನು ಮುಂದೆ ತಮ್ಮ ವಾಸ್ತವ್ಯ ಹಿತ್ತಲ ಕಟ್ಟೆಯ ಮೇಲೆ, ಪತ್ರಿ ಗಿಡದ ಪಕ್ಕ. ಅರ್ತಿಂಗ್ ಕೈಗೆಟುಕುವಷ್ಟು ಹತ್ತಿರವಿರುವುದರಿಂದ ದೂರಲು ಕಾರಣವಿರದು. ಹೇಗೂ ಬರೆದದ್ದಾಯಿತೆಂದು ಕಾಗದವನ್ನು ಕಂಡಕ್ಟರನಿಗೆ ಕೊಡುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿನಲ್ಲಿ ಆಕೆ ತಮ್ಮನ್ನು ಮಡಿಲಲ್ಲಿ ಇಟ್ಟುಕೊಂಡು ಬರುತ್ತಾಳೆ. ಶಹಾಪುರ ಮುಟ್ಟುವವರೆಗೆ, ಕೈ ಮುಗಿದು ಕೇಳಿಕೊಳ್ಳುತ್ತೇನೆ, ದಾರಿಯಲ್ಲೆಲ್ಲೂ ಒತ್ತಿಕೊಳ್ಳಬೇಡಿ.